ಚಪ್ಪರಿಸು: ಬಾಯಿಗೂ ಬೆನ್ನಿಗೂ ಒಂದೇ ಪದ ಹೇಗೆ?

ಶರಾವತಿ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ನಿನ್ನೆ ರಾತ್ರಿಯಿಂದ ತಲೆ ಕೊರೆಯುತ್ತಾ ಇದೆ.

ನನ್ನ ಮಗಳು ಎರಡನೇ ಕ್ಲಾಸು. ನಿನ್ನೆ ಒಂದು ಕಥೆ ಓದುತ್ತಾ ಕೂತಿದ್ದಳು. ಓಟದಲ್ಲಿ ಗೆದ್ದು ಬಂದ ಹುಡುಗನ ಬೆನ್ನನ್ನು ತಾತ ಚಪ್ಪರಿಸಿದರು ಅಂತ ಅದರಲ್ಲಿ ಒಂದು ಸಾಲು. ಅವಳು ಪುಸ್ತಕ ಹಿಡಿದುಕೊಂಡು ಸೀದಾ ಅಡುಗೆಮನೆಗೆ ಬಂದಳು. "ಅಮ್ಮಾ, ತಾತ ಅವನ ಬೆನ್ನನ್ನ ಯಾಕೆ ತಿಂದರು?" ಅಂತ ಕೇಳಿದಳು. ಮೊದಲು ನನಗೆ ಏನೂ ಅರ್ಥ ಆಗಲಿಲ್ಲ. ಆಮೇಲೆ ಹೊಳೆಯಿತು. ಅವಳಿಗೆ ಗೊತ್ತಿರುವ ಚಪ್ಪರಿಸು ಒಂದೇ. ಊಟಕ್ಕೆ ಕೂತಾಗೆಲ್ಲ ಕಿವಿಗೆ ಬೀಳುವ "ಚಪ್ಪರಿಸಬೇಡ ಮಗಾ, ಬಾಯಿ ಮುಚ್ಕೊಂಡು ತಿನ್ನು" ಅನ್ನುವ ಮಾತು.

ಹಾಗೆ ಹೇಳುವವರು ನಮ್ಮ ಅತ್ತೆ. ಗಂಡನ ಮನೆ ಮಂಡ್ಯದ ಹತ್ತಿರ. ಅತ್ತೆಯವರು ಬಹಳ ಪ್ರೀತಿಯ ಮನುಷ್ಯರು, ಆದರೆ ಊಟದ ಸದ್ದು ಮಾತ್ರ ಅವರಿಗೆ ಆಗುವುದಿಲ್ಲ. ನನ್ನ ತವರು ಸಾಗರದ ಕಡೆ. ಅಲ್ಲಿ ಇದೇ ಪದಕ್ಕೆ ಬೇರೆಯೇ ಮರ್ಯಾದೆ. ನಮ್ಮಜ್ಜಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ, ಮೊದಲ ಮಿಡಿಯನ್ನು ಅಜ್ಜನ ತಟ್ಟೆಗೆ ಬಡಿಸಿ, ಅಲ್ಲೇ ನಿಂತು ಕಾಯುತ್ತಿದ್ದರು. ಅಜ್ಜ ಬಾಯಿ ಚಪ್ಪರಿಸಿದರೆ ಆ ವರ್ಷದ ಉಪ್ಪಿನಕಾಯಿ ಗೆದ್ದ ಹಾಗೆ. ಸಂಜೆ ಅಜ್ಜಿ ಪಕ್ಕದ ಮನೆಯವರ ಹತ್ತಿರ "ಇವತ್ತು ಚಪ್ಪರಿಸ್ಕೊಂಡು ತಿಂದ್ರು" ಅಂತ ಹೇಳಿಕೊಳ್ಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಅಜ್ಜ ಬಾಯಿಬಿಟ್ಟು ಚೆನ್ನಾಗಿದೆ ಅಂದಿದ್ದು ಮಾತ್ರ ನೆನಪಿಲ್ಲ. ಆ ಒಂದು ಸದ್ದೇ ಅವರ ಮಾತು.

ಈಗ ನನ್ನ ಪ್ರಶ್ನೆ. ಬೆನ್ನು ಚಪ್ಪರಿಸುವುದಕ್ಕೂ ಬಾಯಿ ಚಪ್ಪರಿಸುವುದಕ್ಕೂ ಏನು ಸಂಬಂಧ? ಎರಡೂ ಒಂದೇ ಪದವೋ, ಅಥವಾ ಎರಡು ಬೇರೆ ಪದಗಳು ಸುಮ್ನೆ ಒಂದೇ ಥರ ಕೇಳಿಸುತ್ತಿವೆಯೋ? ಮದುವೆಮನೆ ಚಪ್ಪರಕ್ಕೂ ಇದಕ್ಕೂ ನಂಟಿದೆಯಾ? ಒಂದು ಮನೆಯ ಹೊಗಳಿಕೆ ಇನ್ನೊಂದು ಮನೆಯಲ್ಲಿ ಬೈಗುಳ ಆಗಿದ್ದು ಹೇಗೆ? ನಿಮ್ಮ ಕಡೆ ಸದ್ದು ಮಾಡಿ ತಿನ್ನುವುದಕ್ಕೆ ಏನಂತಾರೆ ಅನ್ನುವುದನ್ನೂ ಬರೆಯಿರಿ. ಮಗಳಿಗೆ "ನಾಳೆ ಹೇಳ್ತೀನಿ" ಅಂತ ಮಾತು ಕೊಟ್ಟಿದ್ದೇನೆ.


ಬಯಲುಸೀಮೆ

ಅಕ್ಕಾ, ನನಗೆ ತಿಳಿದ ಮಟ್ಟಿಗೆ ಇದು ಚಪ್ಪರದಿಂದಲೇ ಬಂದಿದ್ದು. ನಮ್ಮ ಊರಿನಲ್ಲಿ ಹಿರಿಯರೊಬ್ಬರು ಹೀಗೆ ವಿವರಿಸಿದ್ದರು: ಬಾಯೊಳಗೆ ಮೇಲ್ಗಡೆ ಅಂಗುಳು ಇದೆಯಲ್ಲ, ಅದು ನಾಲಿಗೆಗೆ ಹಾಕಿದ ಚಪ್ಪರ ಇದ್ದ ಹಾಗೆ. ನಾಲಿಗೆ ಹೋಗಿ ಆ ಚಪ್ಪರಕ್ಕೆ ತಾಗಿ ಬರುವುದೇ ಚಪ್ಪರಿಸುವುದು. ಕೇಳಿದಾಗ ಎಷ್ಟು ಚೆನ್ನಾಗಿದೆ ಅನ್ನಿಸಿತ್ತು, ಅವತ್ತಿನಿಂದ ಹಾಗೇ ನಂಬಿಕೊಂಡು ಬಂದಿದ್ದೇನೆ. ಬೆನ್ನಿನ ವಿಷಯ ಮಾತ್ರ ನಾನು ಯೋಚನೆ ಮಾಡಿರಲಿಲ್ಲ. ನಿಮ್ಮ ಮಗಳ ಪ್ರಶ್ನೆ ಓದಿದ ಮೇಲೆ ನನಗೂ ಅನುಮಾನ ಶುರುವಾಗಿದೆ. ತಿಳಿದವರು ಹೇಳಲಿ.


ಹಳೆಪದ

ಚಪ್ಪರದ ಕಲ್ಪನೆ ಸೊಗಸಾಗಿದೆ, ಆದರೆ ಪದದ ಹುಟ್ಟು ಅಲ್ಲಿಲ್ಲ. ಬೆನ್ನಿನಲ್ಲಿ ಚಪ್ಪರ ಇಲ್ಲ, ತೊಡೆಯಲ್ಲೂ ಇಲ್ಲ. ಆದರೂ ಗರಡಿಯ ಪೈಲ್ವಾನರು ಅಖಾಡಕ್ಕೆ ಇಳಿಯುವಾಗ ತೊಡೆ ಚಪ್ಪರಿಸುತ್ತಾರೆ, ಭುಜ ಚಪ್ಪರಿಸುತ್ತಾರೆ. ಮದುವೆಮನೆಯ ಚಪ್ಪರ ನೆರಳಿಗೆ, ಮಾಡಿಗೆ ಸಂಬಂಧಪಟ್ಟ ಪದ. ತೆಲುಗಿನಲ್ಲೂ ಚಪ್ಪರಂ ಇದೆ, ಹಿಂದಿಯ ಛಪ್ಪರ್ ಅಂದರೆ ಹುಲ್ಲಿನ ಮಾಡು, ತಮಿಳಿನವರು ದೇವರ ಉತ್ಸವದ ಅಲಂಕಾರದ ವಾಹನಕ್ಕೆ ಸಪ್ಪರಂ ಅನ್ನುತ್ತಾರೆ. ಅದರ ಸಂಸಾರ ಬೇರೆ.

ನಮ್ಮ ಚಪ್ಪರಿಸು ಹುಟ್ಟಿದ್ದು ಸದ್ದಿನಿಂದ. ಚಪ್ ಅನ್ನುವ ಸದ್ದು. ಎರಡು ಚಪ್ಪಟೆಯಾದ, ಮೆತ್ತಗಿನ ಜಾಗಗಳು ಬಂದು ಕೂಡಿದಾಗ ಅಥವಾ ಕೂಡಿ ಬಿಟ್ಟಾಗ ಆಗುವ ಸದ್ದು ಇದು. ಅಂಗೈಗೆ ಅಂಗೈ ಬಡಿದರೆ ಚಪ್, ಅಂಗೈ ಬೆನ್ನಿಗೆ ಬಡಿದರೆ ಚಪ್, ನಾಲಿಗೆ ಅಂಗುಳಿಗೆ ಅಂಟಿಕೊಂಡು ಬಿಟ್ಟರೂ ಚಪ್. ಹಾಗಾಗಿ ನಿಮ್ಮ ಮಗಳು ಓದಿದ್ದೂ ಅತ್ತೆಯವರು ಹೇಳಿದ್ದೂ ಒಂದೇ ಪದ. ತಿನ್ನುವುದು ಅದರ ಮೂಲ ಅರ್ಥವೇ ಅಲ್ಲ. ಚಪ್ ಅನ್ನಿಸು ಅಂತಲೇ ಅದರ ಅರ್ಥ. ಏನನ್ನು ಚಪ್ ಅನ್ನಿಸುತ್ತೀರಿ ಅನ್ನುವುದರ ಮೇಲೆ ಉಳಿದದ್ದು.

ಇದರ ಒಡಹುಟ್ಟಿದವರನ್ನು ನೋಡಿ. ಚಪ್ಪಾಳೆ ನಮಗೆಲ್ಲ ಗೊತ್ತು. ಉತ್ತರ ಕರ್ನಾಟಕದಲ್ಲಿ ಸದ್ದಿಗೇ ಸಪ್ಪಳ ಅನ್ನುತ್ತಾರೆ. ತೆಲುಗಿನಲ್ಲಿ ಸದ್ದು ಚಪ್ಪುಡು, ಚಪ್ಪಾಳೆ ಚಪ್ಪಟ್ಲು. ತಮಿಳಿನಲ್ಲಿ ಪಿಳ್ಳೈತ್ತಮಿಳ್ ಅಂತ ಒಂದು ಕಾವ್ಯಪ್ರಕಾರ ಇದೆ, ದೇವರನ್ನೋ ರಾಜನನ್ನೋ ಮಗುವಾಗಿ ನೋಡಿ ಹಾಡುವುದು. ಅದರಲ್ಲಿ ಮಗುವಿನ ಬೆಳವಣಿಗೆಗೆ ಹತ್ತು ಹಂತ. ಮಗು ಪುಟ್ಟ ಕೈಗಳಿಂದ ಚಪ್ಪಾಳೆ ತಟ್ಟುವ ಹಂತಕ್ಕೆ ಸಪ್ಪಾಣಿ ಅಂತ ಹೆಸರು. ಅದೇ ತಮಿಳಿನಲ್ಲಿ ಸಪ್ಪು ಅಂದರೆ ಚೀಪು. ಮಗು ಬೆರಳು ಚೀಪಿದರೆ ವಿರಲ್ ಸಪ್ಪುವುದು. ರುಚಿಗೆ ಬಾಯಿ ಚಪ್ಪರಿಸಿದರೆ ಸಪ್ಪುಕ್ಕೊಟ್ಟು. ಅಂದರೆ ಅಲ್ಲೂ ಕೈಗೂ ಬಾಯಿಗೂ ಒಂದೇ ಸದ್ದು ಹಂಚಿಕೆಯಾಗಿದೆ. ಚಕಾರ ಸಕಾರ ಅದಲುಬದಲು ಆಗುವುದು ನಮಗೆ ಹೊಸದೇನಲ್ಲ. ಉಪ್ಪಿಲ್ಲದ ಸಾರನ್ನು ನಿಮ್ಮ ಸಾಗರದಲ್ಲಿ ಚಪ್ಪೆ ಅನ್ನುತ್ತಾರೆ, ಮಂಡ್ಯದಲ್ಲಿ ಸಪ್ಪೆ ಅನ್ನುತ್ತಾರೆ, ಅಲ್ವಾ?

ಇನ್ನು ಪದದ ಬಾಲ. ಸದ್ದಿನ ಚೂರನ್ನು ತೆಗೆದುಕೊಂಡು ಕ್ರಿಯಾಪದ ಮಾಡುವುದಕ್ಕೆ ಕನ್ನಡದಲ್ಲಿ ದಾರಿಗಳು ಬೇಕಾದಷ್ಟಿವೆ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಓದಿದ್ದೇವಲ್ಲ, ಚಟಚಟ, ಧಗಧಗ, ಗುಳುಗುಳು. ಅದಕ್ಕೆ ಇಸು ಹಚ್ಚಿದರೆ ಧಗಧಗಿಸು. ಗುಟ್ಟು ಹಚ್ಚಿದರೆ ಪಿಸುಗುಟ್ಟು, ವಟಗುಟ್ಟು, ಲೊಚಗುಟ್ಟು. ಇನ್ನು ಕೆಲವು ಅರಿಸು ಅಂತ ಮುಗಿಯುತ್ತವೆ. ನೀರು ಗುಟುಕು ಗುಟುಕಾಗಿ ಇಳಿದರೆ ಗುಟುಕರಿಸು. ಹೊಟ್ಟೆ ತೊಳಸಿ ಗಂಟಲಿಂದ ಓ ಅಂತ ಬಂದರೆ ಓಕರಿಸು. ಚಪ್ಪರಿಸು ಇದೇ ಸಾಲಿನಲ್ಲಿ ಕೂರುತ್ತದೆ. ಒಂದು ಬಾಯೊಳಗೆ ಬರುವಾಗ, ಒಂದು ಗಂಟಲಲ್ಲಿ ಇಳಿಯುವಾಗ, ಒಂದು ವಾಪಸ್ ಬರುವಾಗ. ಮೂರಕ್ಕೂ ಸದ್ದೇ ಹೆಸರು.

ನನಗೆ ತುಂಬಾ ಇಷ್ಟವಾಗುವ ಒಂದು ಸಂಗತಿ ಇದೆ, ಇದನ್ನು ಮಗಳ ಹತ್ತಿರ ಮಾಡಿಸಿ. ಚಪ್ ಅಂತ ನಿಧಾನವಾಗಿ ಹೇಳಿಸಿ. ಚಕಾರಕ್ಕೆ ನಾಲಿಗೆ ಹೋಗಿ ಅಂಗುಳಿಗೆ ಒತ್ತಿಕೊಳ್ಳುತ್ತದೆ, ಪಕಾರಕ್ಕೆ ತುಟಿ ಮುಚ್ಚುತ್ತದೆ. ತುತ್ತು ಬಾಯಿಗೆ ಹೋದಾಗ ನಾವು ಮಾಡುವುದೂ ಅದನ್ನೇ. ಅಂದರೆ ಪದ ಹೇಳುವಾಗಲೇ ಬಾಯಿ ಆ ಕೆಲಸ ಮಾಡಿ ಮುಗಿಸಿರುತ್ತದೆ. ನಿಜವಾಗಿ ಚಪ್ಪರಿಸಿದಾಗ ಬರುವ ಸದ್ದನ್ನು ಬರೆಯುವುದಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರ ಇಲ್ಲ. ನಾಲಿಗೆ ಅಂಗುಳಿಗೆ ಅಂಟಿ, ನಡುವಿನ ಗಾಳಿ ಎಳೆದುಕೊಂಡು, ಫಟ್ಟನೆ ಬಿಡುವಾಗ ಹುಟ್ಟುವ ಸದ್ದು ಅದು. ಆಫ್ರಿಕಾದ ಜುಲು, ಕೋಸಾ ಭಾಷೆಗಳಲ್ಲಿ ಇಂಥ ಸದ್ದುಗಳೇ ವ್ಯಂಜನಗಳು, ಅವುಗಳನ್ನು ಬರೆಯಲು ಅಕ್ಷರಗಳೂ ಇವೆ. ನಮ್ಮಲ್ಲಿ ಅದು ಭಾಷೆಯ ಹೊರಗೆ ಉಳಿದುಕೊಂಡು, ರುಚಿಗೆ, ಅಯ್ಯೋ ಪಾಪ ಅನ್ನುವುದಕ್ಕೆ, ಎತ್ತು ಹೊಡೆಯುವುದಕ್ಕೆ ಬಳಕೆಯಾಗುತ್ತದೆ. ಹತ್ತಿರದ ಅಕ್ಷರ ಹುಡುಕಿ ಕೆಲವರು ಚಪ್ ಅಂದರು, ಕೆಲವರು ಲೊಚ್ ಅಂದರು.

ಸಂಸ್ಕೃತದ ಚರ್ವಣದಿಂದ ಬಂತು ಅಂತ ಕೆಲವರು ಹೇಳುವುದನ್ನು ಕೇಳಿದ್ದೇನೆ. ಚರ್ವಣ ಅಂದರೆ ಅಗಿಯುವುದು. ಹಿಂದಿಯ ಚಬಾನಾ ಆ ಕಡೆಯದು. ಅಗಿಯುವ ಪದದಿಂದ ಬೆನ್ನು ತಟ್ಟುವ ಅರ್ಥ ಹುಟ್ಟುವುದು ಕಷ್ಟ. ಸದ್ದಿನಿಂದ ಎರಡೂ ಸಲೀಸಾಗಿ ಹುಟ್ಟುತ್ತವೆ. ಭಾಷಾತಜ್ಞ ಎಮೆನೊ 1969ರಲ್ಲಿ ಒಂದು ಲೇಖನ ಬರೆದರು. ಇಂಥ ಸದ್ದಿನ ಪದಗಳು ದ್ರಾವಿಡ ಭಾಷೆಗಳಿಗೂ ಉತ್ತರದ ಭಾಷೆಗಳಿಗೂ ಹಂಚಿಕೊಂಡ ಆಸ್ತಿ ಅಂತ ಅದರಲ್ಲಿ ತೋರಿಸಿದರು. ಅವರು 1930ರ ದಶಕದಲ್ಲಿ ನಮ್ಮ ಕೊಡಗಿಗೂ ಬಂದು ಕೊಡವ ಭಾಷೆ ಕೇಳಿ ಬರೆದುಕೊಂಡವರು. ಇಂಥ ಪದಗಳ ಬೆಲೆ ಊಟದ ಮನೆಯಲ್ಲಿ ಕಿವಿ ಇಟ್ಟು ಕೂತವರಿಗೆ ಬೇಗ ತಿಳಿಯುತ್ತದೆ ಅಂತ ನನ್ನ ನಂಬಿಕೆ.


ಹಂಪೆ ಬಿಸಿಲು

ಸರ್, ಬಹಳ ಚೆನ್ನಾಗಿ ಬರೆದಿದ್ದೀರಿ. ನಾನು ಬಳ್ಳಾರಿಯವನು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಒಂದು ಸಣ್ಣ ವ್ಯತ್ಯಾಸ ಹೇಳುತ್ತೇನೆ. ತೆಲುಗಿನಲ್ಲೂ ಚಪ್ಪರಿಂಚು ಇದೆ. ಆದರೆ ಅಲ್ಲಿ ಸದ್ದಿಗಿಂತ ಬಾಯಲ್ಲಿ ಇಟ್ಟುಕೊಂಡು ನಿಧಾನವಾಗಿ ಕರಗಿಸುವುದು ಮುಖ್ಯ. ಪೆಪ್ಪರ್‌ಮಿಂಟ್ ಕೊಟ್ಟು "ಕಡಿಯಬೇಡ, ಚಪ್ಪರಿಸು" ಅನ್ನುತ್ತಾರೆ. ನುಂಗದೆ ಬಾಯಲ್ಲೇ ಕರಗಿಸಬೇಕಾದ ಮಾತ್ರೆಗೆ ಚಪ್ಪರಿಂಚೇ ಮಾತ್ರ ಅಂತಲೇ ಹೆಸರು. ಮೆಡಿಕಲ್ ಅಂಗಡಿಯಲ್ಲಿ ಹಾಗೆ ಕೇಳಿದರೆ ತೆಗೆದುಕೊಡುತ್ತಾರೆ. ಕನ್ನಡದಲ್ಲಿ ನಾವು ಹುಣಸೆಹಣ್ಣು ಚಪ್ಪರಿಸಿದೆ, ನೆಲ್ಲಿಕಾಯಿ ಚಪ್ಪರಿಸಿದೆ ಅನ್ನುವಾಗ ಈ ಅರ್ಥದ ನೆರಳು ಇದ್ದೇ ಇದೆ, ನೋಡಿ. ಮಾವಿನ ಓಟೆಯನ್ನು ಮಾತ್ರ ಚೀಪುತ್ತೇವೆ, ಚಪ್ಪರಿಸುವುದಿಲ್ಲ. ಯಾಕೆಂದರೆ ಅಲ್ಲಿ ಎಳೆದುಕೊಳ್ಳುವುದು ಜಾಸ್ತಿ, ನಾಲಿಗೆ ಬಡಿಯುವುದು ಕಡಿಮೆ.

ಹಾಗಾದರೆ ರುಚಿಗೆ ಬಾಯಲ್ಲಿ ಸದ್ದು ಮಾಡುವುದಕ್ಕೆ ತೆಲುಗಿನಲ್ಲಿ ಏನು? ಲೊಟ್ಟಲು ವೇಯು. "ಲೊಟ್ಟಲೇಸ್ಕೊಂಡು ತಿಂದ" ಅಂದರೆ ಅಡುಗೆ ಮಾಡಿದವರಿಗೆ ಬಹುಮಾನ ಸಿಕ್ಕ ಹಾಗೆ. ನಮ್ಮ ಕನ್ನಡದ ಲೊಟ್ಟೆ ಹೊಡೆಯುವುದು ಇದೇ. ಸಾರು, ಪಾಯಸದಂಥ ತೆಳ್ಳಗಿನದನ್ನು ಸದ್ದು ಮಾಡಿ ಎಳೆದುಕೊಂಡರೆ ಜುರ್ರು. ಜುರ್ರುಕೊನಿ ತಾಗು ಅನ್ನುತ್ತಾರೆ, ಸದ್ದು ಮಾಡಿಕೊಂಡು ಹೀರು ಅಂತ. ಇಲ್ಲಿ ಒಂದು ವಿಷಯ. ನನ್ನ ಅಕ್ಕ ಜಪಾನಿನಲ್ಲಿ ಇದ್ದಾಳೆ. ಅಲ್ಲಿ ಬಿಸಿ ನೂಡಲ್ಸನ್ನು ಸದ್ದು ಮಾಡಿ ಎಳೆದುಕೊಂಡು ತಿನ್ನುವುದು ತಪ್ಪಲ್ಲ. ಆ ಸದ್ದಿಗೆ ಅವರು ಜುರುಜುರು ಅನ್ನುತ್ತಾರಂತೆ. ಭಾಷೆಗೂ ಭಾಷೆಗೂ ನಂಟಿಲ್ಲ, ಆದರೆ ಬಿಸಿಬಿಸಿಯಾದದ್ದು ತುಟಿಯ ಮೇಲೆ ಹೋಗುವಾಗ ಎಲ್ಲರ ಕಿವಿಗೂ ಜುರ್ ಅಂತಲೇ ಕೇಳಿಸಿದೆ. ಮೊದಲ ಸಲ ಅಕ್ಕ ಫೋನಿನಲ್ಲಿ ಹೇಳಿದಾಗ ನನಗೆ ಮೈ ಜುಮ್ಮೆಂದಿತ್ತು.


ಧಾರವಾಡದಾಂವ

ನಮ್ಮ ಕಡೆ ಚಪ್ಪರಿಸು ಕಡಿಮೆ, ಸಪ್ಪಳ ಜಾಸ್ತಿ. "ಏನ ಸಪ್ಪಳ ಮಾಡ್ತೀಯೋ ಉಣ್ಣೂಮುಂದ" ಅಂತ ಅವ್ವ ಬೈದರೆ ಮುಗಿಯಿತು. ಹಳೆಪದ ಸರ್ ಹೇಳಿದ್ದು ಓದಿದ ಮೇಲೆ ಗೊತ್ತಾಯಿತು, ಅವ್ವನೂ ಅದೇ ಚಪ್ ಅನ್ನುವ ಮೂಲದಿಂದಲೇ ಬೈಯುತ್ತಿದ್ದಳು ಅಂತ.

ಆದರೆ ನಮ್ಮಲ್ಲಿ ಸಪ್ಪಳ ಇಲ್ಲದೆ ಊಟ ಮಾಡುವುದು ಆಗದ ಮಾತು. ಖಡಕ್ ಸಜ್ಜೆ ರೊಟ್ಟಿ ಬಾಯಿ ಮುಚ್ಚಿಕೊಂಡು ತಿಂದರೂ ಕಟಂ ಕಟಂ ಅನ್ನುತ್ತದೆ. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಮೂಲಂಗಿ. ಹತ್ತು ಮಂದಿ ಸಾಲಾಗಿ ಕೂತು ಊಟ ಮಾಡಿದರೆ ಹೊಲದಲ್ಲಿ ದನ ಮೇಯುವ ಹಾಗೆ ಸಪ್ಪಳ. ಇದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಆ ಸಪ್ಪಳ ರೊಟ್ಟಿಯದು, ಬಾಯಿಯದಲ್ಲ. ಅವ್ವ ಬೈಯುತ್ತಿದ್ದದ್ದು ಬದನೆಕಾಯಿ ಪಲ್ಯ ತಿನ್ನುವಾಗ ಪಚಪಚ ಅಂದರೆ ಮಾತ್ರ. ಈ ಫರಕು ನನಗೆ ಮುಖ್ಯ ಅನ್ನಿಸುತ್ತದೆ.

ಗರಿಗರಿ ತಿಂಡಿಯ ಹೆಸರುಗಳಲ್ಲೇ ಸಪ್ಪಳ ಕೂತಿದೆ, ನೋಡಿ. ಕುರುಕು ಅಂದರೆ ಕುರುಂ ಕುರುಂ ಅನ್ನಿಸಿ ತಿನ್ನು ಅಂತ. ಅದರಿಂದ ಕುರುಕಲು ತಿಂಡಿ. ನಾವು ಚುರುಮುರಿ ಅನ್ನುವುದನ್ನು ದಾವಣಗೆರೆಯವರು ಮಂಡಕ್ಕಿ ಅನ್ನುತ್ತಾರೆ, ಬೆಂಗಳೂರಿನವರು ಕಡ್ಲೆಪುರಿ ಅನ್ನುತ್ತಾರೆ. ನನಗೆ ನಮ್ಮ ಪದವೇ ಬಾಯಿಗೆ ರುಚಿ. ಹೇಳಿದರೆ ಹಲ್ಲಿನ ಕೆಳಗೆ ಚೂರಾದ ಹಾಗೆ ಕೇಳಿಸುತ್ತದೆ.

ಮತ್ತೆ ಚಹಾ. ಅಜ್ಜ ಚಹಾವನ್ನು ಬಸಿಗೆ ಸುರುವಿಕೊಂಡು ಸುರ್ರ್ ಅಂತ ಕುಡಿಯುತ್ತಿದ್ದ. ಮರಾಠಿಯವರು ಇದಕ್ಕೆ ಭುರಕೆ ಹೊಡೆಯುವುದು ಅನ್ನುತ್ತಾರೆ. ನಾವು ಸುರ್ರ್, ಅವರು ಭುರ್ರ್. ಬಸಿ ಅನ್ನುವ ಪದವನ್ನು ಅವರಿಂದ ತಗೊಂಡೆವು, ಸಪ್ಪಳ ನಮ್ಮದನ್ನೇ ಇಟ್ಟುಕೊಂಡೆವು.


ಕಾವೇರಿ ಕಾಲುವೆ

ಮಂಡ್ಯದ ಕಡೆಯಿಂದ ಒಂದು ಮಾತು. ಅಕ್ಕಾ, ನಿಮ್ಮ ಅತ್ತೆಯವರು ಯಾಕೆ ಹಾಗೆ ಹೇಳುತ್ತಾರೆ ಅನ್ನುವುದು ನನಗೆ ಅರ್ಥ ಆಗುತ್ತದೆ. ನಮ್ಮದು ಮುದ್ದೆ ಊಟ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಬೆರಳಲ್ಲಿ ಒಂದು ತುತ್ತು ಮುರಿದು, ಉಂಡೆ ಮಾಡಿ, ಬಸ್ಸಾರಿಗೋ ಉಪ್ಸಾರಿಗೋ ಅದ್ದಿ ಬಾಯಿಗಿಟ್ಟರೆ ಗುಳುಂ ಅಂತ ಜಾರಬೇಕು. ಹಲ್ಲಿಗೆ ಸಿಕ್ಕಿದರೆ ಅಂಟಿಕೊಳ್ಳುತ್ತದೆ, ರುಚಿಯೂ ಕೆಡುತ್ತದೆ. ಹೊಸದಾಗಿ ಬಂದ ಬೆಂಗಳೂರಿನ ನೆಂಟರು ಮುದ್ದೆ ಅಗಿಯುವುದನ್ನು ನೋಡಿದರೆ ನಮ್ಮ ಮನೆಯ ಹೆಂಗಸರಿಗೆ ಪಾಪ ಅನ್ನಿಸಿ, ಪಕ್ಕದಲ್ಲಿ ಕೂತು ನುಂಗುವುದನ್ನು ಹೇಳಿಕೊಡುತ್ತಾರೆ.

ಹೀಗೆ ಸದ್ದೇ ಇಲ್ಲದ ಊಟದಲ್ಲಿ ಬೆಳೆದವರಿಗೆ ಯಾರಾದರೂ ಚಪ್ ಚಪ್ ಅಂದರೆ ಎದ್ದು ಕೇಳಿಸುತ್ತದೆ. ರೊಟ್ಟಿಯ ಮನೆಯಲ್ಲಿ ಅದು ನಾಲ್ಕು ಸದ್ದಿನ ನಡುವೆ ಮುಚ್ಚಿಹೋಗುತ್ತದೆ. ಧಾರವಾಡದ ಅಣ್ಣ ಹೇಳಿದ್ದಕ್ಕೂ ಇದಕ್ಕೂ ತಾಳೆ ಆಗುತ್ತದೆ ಅನ್ನಿಸಿತು. ನಾವು ಮುದ್ದೆ ಉಣ್ಣುತ್ತೇವೆ ಅನ್ನುತ್ತೇವೆ, ತಿನ್ನುತ್ತೇವೆ ಅನ್ನುವುದಿಲ್ಲ. ಚಕ್ಕುಲಿ, ಕಡ್ಲೆಕಾಯಿ ತಿನ್ನುತ್ತೇವೆ. ಹಾಲನ್ನು ಮಗು ಉಣ್ಣುತ್ತದೆ. ಉಣ್ಣುವುದರಲ್ಲಿ ಹಲ್ಲಿಗೆ ಕೆಲಸ ಕಡಿಮೆ, ತಿನ್ನುವುದರಲ್ಲಿ ಜಾಸ್ತಿ. ಇದು ನನ್ನ ಊಹೆ, ಆದರೆ ಚಿಕ್ಕಂದಿನಿಂದ ಕೇಳಿದ ಮಾತುಗಳನ್ನೆಲ್ಲ ನೆನೆಸಿಕೊಂಡೇ ಹೇಳುತ್ತಿದ್ದೇನೆ.

ಬಾಡೂಟದ ದಿನ ಮಾತ್ರ ಈ ಕಾನೂನಿಗೆ ರಜಾ. ನಲ್ಲಿಮೂಳೆ ಸಿಕ್ಕಿದರೆ ನಮ್ಮಪ್ಪ ಅದನ್ನು ತಟ್ಟೆಗೆ ಕುಟ್ಟಿ, ಸೊರ್ ಅಂತ ಎಳೆದು, ಕೊನೆಗೆ ಬಾಯಿ ಚಪ್ಪರಿಸುತ್ತಿದ್ದರು. ಅಮ್ಮ ಅವತ್ತು ಏನೂ ಹೇಳುತ್ತಿರಲಿಲ್ಲ.


ಗಾಳಿಬೆಟ್ಟ

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಕೆಲಸದಲ್ಲಿರುವವನು. ಸದ್ದು ಮಾಡಿ ಕುಡಿಯುವುದು ಕೆಟ್ಟ ಅಭ್ಯಾಸ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ನಮ್ಮಲ್ಲಿ ಅದು ಕೆಲಸದ ಒಂದು ಭಾಗ. ಅದಕ್ಕೆ ಬರೆಯೋಣ ಅನ್ನಿಸಿತು.

ಕಾಫಿಯ ಗುಣ ನೋಡುವುದಕ್ಕೆ ಕಪ್ಪಿಂಗ್ ಅಂತ ಮಾಡುತ್ತೇವೆ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ. ನೀರು ಕುದಿ ಇಳಿದು 93 ಡಿಗ್ರಿ ಆಸುಪಾಸಿನಲ್ಲಿರಬೇಕು. ಪುಡಿಯ ಮೇಲೆ ನೀರು ಹಾಕಿ ಸುಮಾರು 4 ನಿಮಿಷ ಬಿಟ್ಟರೆ ಮೇಲೆ ಕೆನೆಯ ಹಾಗೆ ಪುಡಿ ಕಟ್ಟಿಕೊಳ್ಳುತ್ತದೆ. ಮೂಗನ್ನು ಹತ್ತಿರ ಇಟ್ಟುಕೊಂಡು ಚಮಚದಲ್ಲಿ ಅದನ್ನು ಒಡೆಯಬೇಕು, ಆಗ ಬರುವ ಘಮವೇ ಅರ್ಧ ಕಥೆ ಹೇಳುತ್ತದೆ. ಆಮೇಲೆ ಸ್ವಲ್ಪ ಆರಿದ ಮೇಲೆ ಚಮಚದಲ್ಲಿ ತೆಗೆದುಕೊಂಡು ಸೊರ್ರ್ ಅಂತ ಜೋರಾಗಿ ಎಳೆದುಕೊಳ್ಳಬೇಕು. ಮೆತ್ತಗೆ ಕುಡಿದರೆ ಕಾಫಿ ನಾಲಿಗೆಯ ಒಂದು ಕಡೆ ಮಾತ್ರ ಹರಿದು ಹೋಗುತ್ತದೆ. ಎಳೆದುಕೊಂಡರೆ ಗಾಳಿ ಜೊತೆ ಸೇರಿ ತುಂತುರಾಗಿ ಬಾಯಿ ತುಂಬ ಹರಡುತ್ತದೆ, ಘಮ ಗಂಟಲ ಹಿಂದಿನಿಂದ ಮೂಗಿಗೆ ಹತ್ತುತ್ತದೆ. ನಾವು ರುಚಿ ಅನ್ನುವುದರಲ್ಲಿ ಮೂಗಿನ ಪಾಲು ಬಹಳ. ನೆಗಡಿ ಆದ ದಿನ ಸಾರು ಯಾಕೆ ಸಪ್ಪೆ ಅನ್ನಿಸುತ್ತದೆ ಅಂತ ನೆನಪು ಮಾಡಿಕೊಳ್ಳಿ.

ಇದನ್ನು ಕಲಿತ ಮೇಲೆ ನನಗೆ ನಮ್ಮ ಊಟದ ಸದ್ದುಗಳ ಮೇಲೆ ಗೌರವ ಬಂತು. ಹಬ್ಬದೂಟದಲ್ಲಿ ತಂಬುಳಿಯನ್ನೋ ಅಪ್ಪೆಹುಳಿಯನ್ನೋ ಅಂಗೈಗೆ ಹಾಕಿಸಿಕೊಂಡು ಸುರ್ರ್ ಅಂತ ಎಳೆಯುತ್ತಾರಲ್ಲ, ಬಾಳೆಲೆಯ ಮೇಲಿನ ಪಾಯಸವನ್ನು ಅಂಗೈಯಲ್ಲಿ ಬಳಿದು ಸುರಿದು ಉಣ್ಣುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ. ಬಿಸಿ ಸ್ವಲ್ಪ ಆರುತ್ತದೆ, ಘಮ ಮೂಗಿಗೆ ಹೋಗುತ್ತದೆ. ಅಕ್ಕನ ಅಜ್ಜ ಉಪ್ಪಿನಕಾಯಿಗೆ ಚಪ್ಪರಿಸಿದ್ದರಲ್ಲೂ ಅದೇ ಇದೆ. ಅಪ್ಪೆಮಿಡಿಯಲ್ಲಿ ಹುಳಿಗಿಂತ ಪರಿಮಳ ದೊಡ್ಡದು. ನಾಲಿಗೆ ಬಡಿದಾಗ ಆ ಪರಿಮಳ ಇನ್ನೊಂದು ಸಲ ಮೇಲೆ ಏಳುತ್ತದೆ.


ಒಂಟಿಮರ

ಎಲ್ಲರೂ ಸದ್ದಿನ ಸೊಗಸು ಬರೆದಿದ್ದೀರಿ, ಓದಿ ಸಂತೋಷವಾಯಿತು. ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು. ನನಗೆ ಬೇರೆಯವರು ಅಗಿಯುವ ಸದ್ದು ಕೇಳಿದರೆ ಎದೆ ಬಡಿದುಕೊಳ್ಳುತ್ತದೆ, ಕೈ ಬಿಗಿಯುತ್ತದೆ, ಅಲ್ಲಿಂದ ಎದ್ದು ಓಡಬೇಕು ಅನ್ನಿಸುತ್ತದೆ. ಹಾಸ್ಟೆಲ್ಲಿನಲ್ಲಿ ನಾಲ್ಕು ವರ್ಷ ಮೆಸ್ಸಿಗೆ ಎಲ್ಲರೂ ಹೋಗಿ ಬಂದ ಮೇಲೆ ಹೋಗುತ್ತಿದ್ದೆ. ಜಂಬ ಅಂತ ಗೆಳತಿಯರು ಅಂದುಕೊಂಡರು. ನನಗೆ ಇಷ್ಟವಾದ ಮನುಷ್ಯರ ಮೇಲೆ ಆ ಐದು ನಿಮಿಷ ಸಿಟ್ಟು ಬರುವುದು ನನಗೇ ನೋವಿನ ವಿಷಯ.

ಇದಕ್ಕೆ ಮಿಸೊಫೋನಿಯಾ ಅಂತ ಹೆಸರಿದೆ. 2001ರಲ್ಲಿ ಜಾಸ್ಟ್ರೆಬೋಫ್ ದಂಪತಿ ಕೊಟ್ಟ ಹೆಸರು. ಹೆಸರು ಇದೆ ಅಂತ ಗೊತ್ತಾದ ದಿನ ನಾನು ಅತ್ತುಬಿಟ್ಟಿದ್ದೆ. ನಿಮ್ಮ ಅತ್ತೆಯವರಿಗೂ ಹೀಗೇ ಇದೆ ಅಂತ ಹೇಳುತ್ತಿಲ್ಲ. ಆದರೆ ಚಪ್ಪರಿಸಬೇಡ ಅನ್ನುವವರೆಲ್ಲ ಸುಮ್ನೆ ಶಿಸ್ತಿಗಾಗಿ ಹೇಳುತ್ತಾರೆ ಅಂದುಕೊಳ್ಳಬೇಡಿ ಅಂತ ಕೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಈಗ ರಾತ್ರಿ ಊಟದ ಹೊತ್ತಿಗೆ ರೇಡಿಯೋ ಹಾಕುತ್ತೇವೆ. ಒಂದು ಸದ್ದು ಇನ್ನೊಂದನ್ನು ಮುಚ್ಚುತ್ತದೆ, ಎಲ್ಲರೂ ಜೊತೆಯಲ್ಲೇ ಉಣ್ಣುತ್ತೇವೆ.


ಹಳೆಪದ

ಒಂಟಿಮರ, ನೀವು ಬರೆದಿದ್ದು ಒಳ್ಳೆಯದಾಯಿತು. ನಿಮ್ಮದನ್ನೂ ಧಾರವಾಡದವರದ್ದನ್ನೂ ಒಟ್ಟಿಗೆ ಓದಿದಾಗ, ಹೊಗಳಿಕೆ ಬೈಗುಳದ ಗಂಟು ಬಿಚ್ಚಿತು ಅನ್ನಿಸುತ್ತಿದೆ. ಮೊದಲ ಸಲ ಬರೆದಾಗ ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ.

ಒಂದೇ ಪದ ಎರಡು ಸದ್ದಿಗೆ ನಿಂತಿದೆ. ಅಜ್ಜ ಉಪ್ಪಿನಕಾಯಿ ತಿಂದು ಚಪ್ಪರಿಸಿದ್ದು ತುತ್ತು ಇಳಿದ ಮೇಲೆ. ಒಂದು ಸಲ, ಬೇಕೆಂದೇ, ಎದುರಿಗೆ ನಿಂತವರಿಗೆ ಕೇಳಲಿ ಅಂತ. ಬಾಯಿ ಖಾಲಿ ಇರುತ್ತದೆ. ಬೆನ್ನು ಚಪ್ಪರಿಸುವುದಕ್ಕೆ ಅದು ಬಹಳ ಹತ್ತಿರ. ತಾತ ಹುಡುಗನ ಬೆನ್ನಿಗೆ ಕೈಯಿಂದ ಹೇಳಿದ್ದನ್ನೇ ನಿಮ್ಮಜ್ಜ ಅಡುಗೆಗೆ ನಾಲಿಗೆಯಿಂದ ಹೇಳಿದರು. ಮೊಮ್ಮಗಳಿಗೆ ಬೀಳುವ ಬೈಗುಳ ಇನ್ನೊಂದು ಸದ್ದಿಗೆ. ಬಾಯಲ್ಲಿ ತುತ್ತು ಇರುವಾಗ, ತುಟಿ ತೆರೆದು, ಗೊತ್ತಿಲ್ಲದೆ, ಬಿಡದೆ ಬರುವ ಪಚಪಚ. ಇದನ್ನು ಯಾರಿಗೂ ಹೇಳುತ್ತಿರುವುದಲ್ಲ. ಅದಕ್ಕೆ ತನ್ನದೇ ಪದ ಪಚಪಚ, ಲೊಚಲೊಚ ಅಂತ ಇದ್ದೇ ಇದೆ. ಆದರೆ ಪಚಪಚ ಮಾಡಬೇಡ ಅನ್ನುವುದು ಕೇಳುವುದಕ್ಕೆ ಒರಟು. ಮನೆಯ ಹಿರಿಯರು ಮಕ್ಕಳಿಗೆ ಸ್ವಲ್ಪ ಮೆತ್ತಗಿನ ಪದ ಆರಿಸಿಕೊಂಡು ಚಪ್ಪರಿಸಬೇಡ ಅಂದಿರಬೇಕು.


ಬಯಲುಸೀಮೆ

ಒಪ್ಪಿದೆ ಸರ್. ಚಪ್ಪರ ಕಿತ್ತು ಹಾಕಿದ್ದೇನೆ. ತೊಡೆ ಚಪ್ಪರಿಸುವುದು ನನಗೆ ಹೊಳೆದಿರಲಿಲ್ಲ, ನಮ್ಮ ಊರಿನ ಜಾತ್ರೆ ಕುಸ್ತಿಯಲ್ಲಿ ಪ್ರತಿ ವರ್ಷ ಕೇಳುವ ಸದ್ದು ಅದು. ಆ ಹಿರಿಯರು ಈಗ ಇಲ್ಲ. ಇದ್ದಿದ್ದರೆ ಇದನ್ನೆಲ್ಲ ಓದಿ ಹೇಳುತ್ತಿದ್ದೆ, ಖುಷಿಯಿಂದ ಕೇಳುತ್ತಿದ್ದರು.


ಶರಾವತಿ ತೀರ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಇವತ್ತು ಸಂಜೆ ಮಗಳನ್ನು ಕೂರಿಸಿಕೊಂಡು ಮಾಡಿಸಿದೆ. ಮೊದಲು ಕಣ್ಣು ಮುಚ್ಚಿಸಿದೆ. ಚಪ್ಪಾಳೆ ತಟ್ಟಿದೆ, ಅವಳ ಬೆನ್ನು ತಟ್ಟಿದೆ, ಆಮೇಲೆ ಬಾಯಿ ಚಪ್ಪರಿಸಿದೆ. ಮೂರೂ ಏನಂತ ಕೇಳಿಸಿತು ಅಂದೆ. ಸ್ವಲ್ಪ ಯೋಚಿಸಿ "ಚಪ್" ಅಂದಳು. ಮತ್ತೆ ಪುಸ್ತಕ ತಂದು ಆ ಸಾಲನ್ನು ಇನ್ನೊಂದು ಸಲ ಓದಿದಳು. ತಾತ ಬೆನ್ನು ತಿನ್ನಲಿಲ್ಲ ಅಂತ ಈಗ ಸಮಾಧಾನ ಆಗಿದೆ.

ರಾತ್ರಿ ಊಟಕ್ಕೆ ಅತ್ತೆ ಬಸ್ಸಾರು ಮಾಡಿದ್ದರು. ಇವಳು ಬಾಯಿ ಮುಚ್ಚಿಕೊಂಡು, ಒಂದೂ ಸದ್ದಿಲ್ಲದೆ ಪೂರ್ತಿ ಊಟ ಮಾಡಿದಳು. ತಟ್ಟೆ ಖಾಲಿಯಾದ ಮೇಲೆ ಅಜ್ಜಿಯ ಮುಖ ನೋಡಿ, ಒಂದೇ ಒಂದು ಸಲ, ಜೋರಾಗಿ ಚಪ್ಪರಿಸಿದಳು. ಅತ್ತೆ ಏನೂ ಹೇಳಲಿಲ್ಲ. ಎದ್ದು ಬಂದು ಇನ್ನೊಂದು ಸೌಟು ಬಸ್ಸಾರು ಬಡಿಸಿದರು.

ಮಲಗುವ ಹೊತ್ತಿಗೆ ಮತ್ತೊಂದು ಪ್ರಶ್ನೆ ಬಂತು. ಚಪ್ಪಲಿಯೂ ನಡೆಯುವಾಗ ಚಪ್ ಚಪ್ ಅನ್ನುತ್ತದಲ್ಲ ಅಮ್ಮಾ, ಅದೂ ಇದೇನಾ ಅಂತ. ಹಳೆಪದ ಸರ್, ಅದನ್ನು ಬೇರೆ ಪ್ರಶ್ನೆಯಾಗಿ ಹಾಕುತ್ತೇನೆ, ಬಿಡುವಾದಾಗ ನೋಡಿ.